ಯೋಜನೆಯಿಲ್ಲದ ಪ್ರವಾಸ ಹೊರಡುವುದು ಹೇಗೆ: ಸಾಗರ–ಶಿರಸಿ ಸೀಮೆಗೆ ಬಸ್ಸಿನಲ್ಲಿ ಹೋಗುವವರಿಗೆ ಮಾರ್ಗದರ್ಶಿ

ಗಂಟೆಗಂಟೆಯ ವೇಳಾಪಟ್ಟಿ ಇಲ್ಲದೆ, ಎಲ್ಲ ರಾತ್ರಿಗಳಿಗೂ ಮೊದಲೇ ಕೊಠಡಿ ಕಾಯ್ದಿರಿಸದೆ, ಸಿಕ್ಕ ಬಸ್ಸು ಹತ್ತಿ ನಾಲ್ಕೈದು ದಿನ ತಿರುಗಿ ಬರುವುದು ಹೇಗೆ ಎಂದು ಓದುಗರು ಮತ್ತೆ ಮತ್ತೆ ಕೇಳುತ್ತಿದ್ದಾರೆ. ಕೇಳುವವರಲ್ಲಿ ಹೆಚ್ಚಿನವರು ವರ್ಷವಿಡೀ ಗಡಿಯಾರಕ್ಕೆ ಕಟ್ಟುಬಿದ್ದು ದುಡಿಯುವವರು. ರಜೆಯಲ್ಲಾದರೂ ಆ ಕಟ್ಟು ಸಡಿಲವಾಗಲಿ ಎಂಬ ಆಸೆ ಅವರಿಗಿದೆ; ಆದರೆ ಹೊರಡುವ ದಿನ ಹತ್ತಿರ ಬಂದಂತೆ ಅಂಜಿಕೆ ಮೂಡಿ, ಮತ್ತೆ ಯಾವುದೋ ಪ್ಯಾಕೇಜ್ ಪ್ರವಾಸಕ್ಕೇ ಹಣ ಕಟ್ಟಿಬಿಡುತ್ತಾರೆ. ಆ ಅಂಜಿಕೆಗೆ ಆಧಾರವಿಲ್ಲವೆಂದು ಹೇಳಲಾರೆ. ಕತ್ತಲಾದ ಮೇಲೆ ಗುರುತಿಲ್ಲದ ಊರಿನಲ್ಲಿ ತಂಗಲು ಜಾಗವಿಲ್ಲದೆ ನಿಲ್ಲುವುದರಲ್ಲಿ ಯಾವ ಸ್ವಾರಸ್ಯವೂ ಇಲ್ಲ. ಆದ್ದರಿಂದಲೇ ಯಾವುದನ್ನು ಬಿಡಬಹುದು, ಯಾವುದನ್ನು ಬಿಡಲೇಬಾರದು ಎಂಬುದನ್ನು ಮನೆಯಲ್ಲಿ ಕೂತಾಗಲೇ ವಿಂಗಡಿಸಿಕೊಳ್ಳಬೇಕು. ಬಿಡಬಾರದ ಕೆಲವನ್ನು ಗಟ್ಟಿಯಾಗಿ ಹಿಡಿದುಕೊಂಡವರು ಉಳಿದದ್ದನ್ನೆಲ್ಲ ನೆಮ್ಮದಿಯಿಂದ ಬಿಟ್ಟುಕೊಡಬಲ್ಲರು, ದಾರಿಯಲ್ಲಿ ಎದುರಾದದ್ದನ್ನು ಬರಮಾಡಿಕೊಳ್ಳಬಲ್ಲರು. ಕೆಳಗಿನ ಹಂತಗಳೆಲ್ಲ ಈ ವಿಂಗಡಣೆಯ ಮೇಲೆಯೇ ನಿಂತಿವೆ.

ಉದಾಹರಣೆಗೆ ಶಿವಮೊಗ್ಗ ಜಿಲ್ಲೆಯ ಸಾಗರ ಮತ್ತು ಉತ್ತರ ಕನ್ನಡದ ಶಿರಸಿಯ ನಡುವಿನ ಸೀಮೆಯನ್ನು ಆರಿಸಿಕೊಂಡಿದ್ದೇನೆ. ಇಲ್ಲಿ ಊರಿಂದೂರಿಗೆ ದೂರ ಕಡಿಮೆ, ಬಸ್ಸಿನ ಸಂಪರ್ಕ ಚೆನ್ನಾಗಿದೆ, ಒಂದು ಜಾಗ ತಪ್ಪಿಹೋದರೂ ಅದೇ ದಾರಿಯಲ್ಲಿ ನೋಡುವಂಥದ್ದು ಮತ್ತೊಂದು ಇದ್ದೇ ಇರುತ್ತದೆ. ಮೊದಲ ಸಲ ಹೊರಡುವವರಿಗೆ ಇದಕ್ಕಿಂತ ಸಲೀಸಾದ ಸೀಮೆಯನ್ನು ಸೂಚಿಸುವುದು ಕಷ್ಟ.

ಜೊತೆಯಲ್ಲಿ ಇರಬೇಕಾದವು

ಬೆನ್ನಿಗೆ ಹಾಕಿಕೊಂಡು ಅರ್ಧ ಗಂಟೆ ನಡೆಯಲು ಆಗುವಷ್ಟು ಭಾರದ ಒಂದೇ ಚೀಲ ಸಾಕು. ಎರಡನೆಯ ಚೀಲ ಬಂತೆಂದರೆ ದಾರಿಯಲ್ಲಿ ಮನಸ್ಸು ಬದಲಿಸಿ ಇಳಿದುಬಿಡುವ ಸ್ವಾತಂತ್ರ್ಯ ಹೋಯಿತೆಂದೇ ತಿಳಿಯಿರಿ. ಗುರುತಿನ ಚೀಟಿಯ ಮೂಲಪ್ರತಿ, ನಿತ್ಯದ ಔಷಧಿ, ಕೊಡೆ, ಟಾರ್ಚು, ನೀರಿನ ಬಾಟಲಿ, ಹತ್ತು ಇಪ್ಪತ್ತು ರೂಪಾಯಿಯ ಚಿಲ್ಲರೆ ನೋಟುಗಳು ಇರಲಿ. ಮೊಬೈಲಿನಿಂದ ಹಣ ಕಳಿಸುವುದು ಈಗ ಸಣ್ಣ ಗೂಡಂಗಡಿಯಲ್ಲೂ ನಡೆಯುತ್ತದೆ. ಆದರೆ ಕಾಡಿನ ನಡುವಿನ ಊರುಗಳಲ್ಲಿ ನೆಟ್‌ವರ್ಕ್ ಸಿಗದಿದ್ದಾಗ ಕೈಯಲ್ಲಿರುವ ನಗದೇ ಗತಿ. ಅದೇ ಕಾರಣಕ್ಕೆ ಆ ಸೀಮೆಯ ನಕ್ಷೆಯನ್ನು ಮೊಬೈಲಿಗೆ ಮೊದಲೇ ಇಳಿಸಿಕೊಳ್ಳಿ.

ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಹೊಂದಿದ ಮಹಿಳೆಯರಿಗೆ, 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಡಿ ರಾಜ್ಯ ಸಾರಿಗೆ ನಿಗಮಗಳ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ರಾಜ್ಯದೊಳಗಿನ ಪ್ರಯಾಣಕ್ಕೆ ದುಡ್ಡಿಲ್ಲ. ರಾಜಹಂಸ, ಎ.ಸಿ. ಮತ್ತು ಸ್ಲೀಪರ್ ಬಸ್ಸುಗಳಿಗೆ ಇದು ಅನ್ವಯಿಸುವುದಿಲ್ಲ. ಟಿಕೆಟ್ ಉಚಿತವಾದರೂ ನಿರ್ವಾಹಕರಿಂದ ಶೂನ್ಯ ಟಿಕೆಟ್ ಪಡೆದು ಇಳಿಯುವವರೆಗೆ ಇಟ್ಟುಕೊಳ್ಳಬೇಕು. ನಡುದಾರಿಯಲ್ಲಿ ಇಳಿದು ಬೇರೆ ಬಸ್ಸು ಹತ್ತಲು ಹೆಚ್ಚಿನ ಖರ್ಚಿಲ್ಲವಾದ್ದರಿಂದ, ನಾನು ಹೇಳುತ್ತಿರುವ ಬಗೆಯ ತಿರುಗಾಟಕ್ಕೆ ಇದರಿಂದ ನಿಜವಾದ ಅನುಕೂಲವಾಗಿದೆ.

1. ಬಿಡಬಾರದ ನಾಲ್ಕನ್ನು ಕಾಗದದ ಮೇಲೆ ಬರೆಯಿರಿ

ಮೊದಲನೆಯದು ಮನೆಗೆ ಮರಳುವ ದಿನ. ಅದನ್ನು ನಿಶ್ಚಯಿಸಿ, ಮರಳುವ ಬಸ್ಸಿನಲ್ಲೋ ರೈಲಿನಲ್ಲೋ ಸೀಟು ಕಾಯ್ದಿರಿಸಿಬಿಡಿ. ಕೊನೆಯ ದಿನದ ಚಿಂತೆ ಹೀಗೆ ಕಳೆದರೆ ಮಧ್ಯದ ದಿನಗಳು ಪೂರ್ತಿ ನಿಮ್ಮವಾಗುತ್ತವೆ. ಎರಡನೆಯದು ಮೊದಲ ರಾತ್ರಿಯ ವಸತಿ: ಮೊದಲ ದಿನ ದೇಹ ದಣಿದಿರುತ್ತದೆ, ಊರು ಹೊಸದು, ಆಗ ಕೊಠಡಿ ಹುಡುಕುತ್ತ ಅಲೆಯುವುದು ಬೇಡ. ಮೂರನೆಯದು ಕತ್ತಲಿನ ನಿಯಮ: ಸಂಜೆ ಐದು ಗಂಟೆಯೊಳಗೆ ರಾತ್ರಿ ತಂಗುವ ಊರನ್ನು ಸೇರಿರಬೇಕು. ನಾಲ್ಕನೆಯದು ದಿನಕ್ಕೊಮ್ಮೆ ಮನೆಯವರಿಗೆ ನೀವಿರುವ ಊರಿನ ಹೆಸರು ತಿಳಿಸುವುದು. ಹೊತ್ತು ಗೊತ್ತುಮಾಡಿಕೊಂಡು, ಆ ಹೊತ್ತಿಗೆ ತಪ್ಪದೆ ತಿಳಿಸಿ.

ಈ ನಾಲ್ಕರ ಹೊರಗಿನದ್ದೇನನ್ನೂ ಬರೆಯಬೇಡಿ. ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪೆಂದರೆ, ‘ಹೇಗೂ ಅಷ್ಟು ದೂರ ಹೋಗುತ್ತೇವೆ’ ಎಂದುಕೊಂಡು ನೋಡಲೇಬೇಕಾದ ಹನ್ನೆರಡು ಜಾಗಗಳ ಪಟ್ಟಿಯನ್ನು ಅದೇ ಕಾಗದದ ಹಿಂಬದಿಯಲ್ಲಿ ಬರೆದುಕೊಳ್ಳುವುದು. ಆ ಪಟ್ಟಿ ಕಿಸೆಯಲ್ಲಿದ್ದರೆ ಕಣ್ಣು ರಸ್ತೆಯ ಮೇಲೆ ಇರುವುದಿಲ್ಲ. ತೀರಾ ಬೇಕೆನಿಸಿದರೆ ಒಂದೇ ಒಂದು ಜಾಗದ ಹೆಸರು ಬರೆಯಿರಿ. ಜೋಗವನ್ನು ಕಾಣದವರು ಜೋಗ ಎಂದು ಬರೆದುಕೊಳ್ಳಲಿ, ಸಾಕು.

2. ಕಾಲವನ್ನು ನೋಡಿ ಹೊರಡಿ

ಅನಿರೀಕ್ಷಿತವನ್ನು ಬರಮಾಡಿಕೊಳ್ಳುವ ಹುಮ್ಮಸ್ಸಿನಲ್ಲಿ ಮಳೆಗಾಲದ ಉಗ್ರ ದಿನಗಳಲ್ಲಿ ಘಟ್ಟಕ್ಕೆ ಹೋಗಬಾರದು. 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66ರ ಬದಿಯಲ್ಲಿದ್ದವರು ಪ್ರಾಣ ಕಳೆದುಕೊಂಡರು. ಅದೇ ತಿಂಗಳ ಕೊನೆಯಲ್ಲಿ ಸಕಲೇಶಪುರ–ಸುಬ್ರಹ್ಮಣ್ಯ ರೈಲುಮಾರ್ಗದಲ್ಲಿ ಎಡಕುಮೇರಿ ಮತ್ತು ಕಡಗರವಳ್ಳಿಯ ನಡುವೆ ಮಣ್ಣು ಜರಿದು ರೈಲುಗಳು ಹಲವು ದಿನ ನಿಂತವು. ಇಂಥ ದಿನಗಳಲ್ಲಿ ಜಿಲ್ಲಾಡಳಿತ ಘಟ್ಟದ ರಸ್ತೆಗಳಲ್ಲಿ ಸಂಚಾರ ನಿರ್ಬಂಧಿಸುವುದು ವಾಡಿಕೆ. ಜೂನ್ ನಡುವಿನಿಂದ ಆಗಸ್ಟ್ ಮುಗಿಯುವವರೆಗೆ ಯೋಜನೆಯಿಲ್ಲದ ಪ್ರವಾಸ ಬೇಡವೆಂಬುದು ನನ್ನ ಖಚಿತ ಅಭಿಪ್ರಾಯ. ಹವಾಮಾನ ಇಲಾಖೆ ಕೊಡುವ ಎಚ್ಚರಿಕೆಗಳಲ್ಲಿ ಹಳದಿ ಎಂದರೆ ಗಮನವಿರಲಿ ಎಂದೂ, ಕಿತ್ತಳೆ ಎಂದರೆ ಸಿದ್ಧರಾಗಿರಿ ಎಂದೂ, ಕೆಂಪು ಎಂದರೆ ತಕ್ಷಣ ಎಚ್ಚರ ವಹಿಸಬೇಕೆಂದೂ ಅರ್ಥ. ಬೇರೆ ತಿಂಗಳಾದರೂ ಕಿತ್ತಳೆ ಬಂದ ದಿನವೇ ಪ್ರಯಾಣವನ್ನು ಮುಂದೂಡುವುದು ಒಳ್ಳೆಯದು.

ಅಕ್ಟೋಬರಿನಿಂದ ಜನವರಿಯವರೆಗಿನ ಕಾಲ ಹಿತಕರ. ಮಳೆ ಇಳಿದಿರುತ್ತದೆ, ಹೊಳೆಗಳಲ್ಲಿ ನೀರು ಉಳಿದಿರುತ್ತದೆ. ನವೆಂಬರಿನ ಆಸುಪಾಸಿನಲ್ಲಿ ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಡುತ್ತವೆ. ತಾಲ್ಲೂಕು ಕೇಂದ್ರಗಳಿಗೆ ಹೆಗ್ಗೋಡಿನ ನೀನಾಸಂ ತಿರುಗಾಟದ ನಾಟಕಗಳು ಬರುತ್ತವೆ. ಹರಕೆ ಆಟ, ಅಂದರೆ ಯಾರೋ ಒಬ್ಬರು ಹರಕೆ ಹೊತ್ತು ತಮ್ಮ ಖರ್ಚಿನಲ್ಲಿ ಆಡಿಸುವ ಬಯಲಾಟ, ಎಲ್ಲರಿಗೂ ತೆರೆದಿರುತ್ತದೆ; ಅದಕ್ಕೆ ಟಿಕೆಟ್ ಇಲ್ಲ. ಬಸ್ ನಿಲ್ದಾಣದ ಗೋಡೆಯ ಮೇಲಿನ ಕರಪತ್ರ ಓದಿ ಸಂಜೆಯ ಕಾರ್ಯಕ್ರಮ ಗೊತ್ತುಮಾಡಿಕೊಳ್ಳುವ ಸುಖ ಈ ತಿಂಗಳುಗಳಲ್ಲಿ ಸಿಗುವಷ್ಟು ಬೇರೆ ಕಾಲದಲ್ಲಿ ಸಿಗದು.

ಒಂದು ಎಚ್ಚರಿಕೆಯನ್ನು ಮಾತ್ರ ಒತ್ತಿ ಹೇಳಬೇಕು. ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ಇದೇ ಸೀಮೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಭಾಗದಲ್ಲಿ. 2018–19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತ ಅದು ತೀವ್ರವಾಗಿ ಹರಡಿತ್ತು. ಕಾಡಿನ ಉಣುಗುಗಳಿಂದ ಹರಡುವ ಈ ಜ್ವರ ಮಳೆ ನಿಂತ ಮೇಲಿನ ಒಣ ತಿಂಗಳುಗಳಲ್ಲಿ, ಅಂದರೆ ಪ್ರವಾಸಕ್ಕೆ ಹಿತವೆನಿಸುವ ಕಾಲದಲ್ಲೇ, ಕಾಣಿಸಿಕೊಂಡು ಬೇಸಿಗೆಯವರೆಗೆ ಇರುತ್ತದೆ. ಆದ್ದರಿಂದ ಕಾಲುದಾರಿ ಚೆನ್ನಾಗಿ ಕಂಡಿತೆಂದು ತರಗೆಲೆ ತುಂಬಿದ ಕಾಡಿಗೆ ನುಗ್ಗಬೇಡಿ, ಸತ್ತ ಮಂಗ ಕಂಡರೆ ಹತ್ತಿರ ಸುಳಿಯದೆ ಊರಿನವರಿಗೆ ತಿಳಿಸಿ. ಮರಳಿದ ನಂತರದ ಒಂದೆರಡು ವಾರದಲ್ಲಿ ಜ್ವರ ಬಂದರೆ ಯಾವ ಸೀಮೆಗೆ ಹೋಗಿದ್ದಿರೆಂದು ವೈದ್ಯರಿಗೆ ಮೊದಲ ಮಾತಿನಲ್ಲೇ ಹೇಳಿ.

3. ಒಂದು ನೆಲೆಯೂರನ್ನು ಹಿಡಿಯಿರಿ

ದಿನಕ್ಕೊಂದು ಊರು ಬದಲಿಸುವವರು ಕೊಠಡಿ ಹುಡುಕುವುದರಲ್ಲೇ ಅರ್ಧ ದಿನ ಕಳೆಯುತ್ತಾರೆ. ಮೊದಲ ಎರಡು ರಾತ್ರಿ ಸಾಗರದಲ್ಲೇ ಉಳಿದು, ಹಗಲು ಸುತ್ತಲಿನ ಊರುಗಳಿಗೆ ಹೋಗಿ ಬನ್ನಿ. ಬೆಂಗಳೂರು, ಮೈಸೂರು ಕಡೆಯಿಂದ ತಾಳಗುಪ್ಪಕ್ಕೆ ಹೋಗುವ ರೈಲುಗಳು ಸಾಗರದಲ್ಲಿ ನಿಲ್ಲುತ್ತವೆ. ಟಿಕೆಟ್ ತೆಗೆಯುವಾಗ ನಿಲ್ದಾಣದ ಹೆಸರು ಸಾಗರ ಜಂಬಗಾರು ಎಂದಿರುವುದನ್ನು ಗಮನಿಸಿ.

ಇಕ್ಕೇರಿಯ ಅಘೋರೇಶ್ವರ ದೇವಾಲಯ, ಕೆಳದಿಯ ರಾಮೇಶ್ವರ ದೇವಾಲಯ ಮತ್ತು ವಸ್ತುಸಂಗ್ರಹಾಲಯ ಇವೆರಡೂ ಸಾಗರದಿಂದ ಹತ್ತು ಕಿಲೋಮೀಟರಿನೊಳಗಿವೆ. ಜೋಗಕ್ಕೆ ಸುಮಾರು 30 ಕಿಲೋಮೀಟರು. ಮೂರನೆಯ ದಿನದಿಂದ ದಾರಿ ಕವಲೊಡೆಯುತ್ತದೆ. ಸೊರಬದ ಕಡೆ ಹೊರಟರೆ ಚಂದ್ರಗುತ್ತಿ, ಮುಂದೆ ವರದಾ ನದಿಯ ದಂಡೆಯ ಬನವಾಸಿ. ಶಿರಾಳಕೊಪ್ಪದ ಬಸ್ಸು ಸಿಕ್ಕರೆ ಬಳ್ಳಿಗಾವಿಯ ಕೇದಾರೇಶ್ವರ, ತಾಳಗುಂದದ ಪ್ರಣವೇಶ್ವರ. ಹೊಸನಗರದ ದಾರಿ ಹಿಡಿದರೆ ಕೆಳದಿ ಅರಸರ ಬಿದನೂರು ಕೋಟೆಯಿರುವ ನಗರ. ಸಿದ್ದಾಪುರದ ಮೇಲೆ ಹೋದರೆ ಶಿರಸಿ. ಇವುಗಳಲ್ಲಿ ಯಾವುದೆಂಬುದನ್ನು ಹಿಂದಿನ ರಾತ್ರಿಯೂ ತೀರ್ಮಾನಿಸಬೇಡಿ ಎಂಬುದೇ ನನ್ನ ಸಲಹೆ.

ಹಳೆಯ ಪ್ರವಾಸ ಬರಹಗಳನ್ನು ಓದಿ ಹೊರಡುವವರಿಗೆ ಒಂದು ಮಾತು. ಸಿಗಂದೂರಿಗೆ ಶರಾವತಿ ಹಿನ್ನೀರು ದಾಟಲು ಲಾಂಚಿಗೆ ಕಾಯಬೇಕು, ಕೊನೆಯ ಲಾಂಚು ತಪ್ಪಿದರೆ ಕಷ್ಟ ಎಂದೆಲ್ಲ ಅವುಗಳಲ್ಲಿ ಇರುತ್ತದೆ. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ನಡುವಿನ ಸೇತುವೆ ಉದ್ಘಾಟನೆಯಾದ ಮೇಲೆ ಆ ಲೆಕ್ಕಾಚಾರ ಬದಲಾಗಿದೆ.

4. ಬಸ್ ನಿಲ್ದಾಣದಲ್ಲಿ ತೀರ್ಮಾನ ಮಾಡಿ

ಈ ಬಗೆಯ ಪ್ರವಾಸದ ಜೀವಾಳ ಇಲ್ಲಿದೆ. ಬೆಳಿಗ್ಗೆ ತಿಂಡಿ ಮುಗಿಸಿ ಎಂಟರ ಹೊತ್ತಿಗೆ ನಿಲ್ದಾಣಕ್ಕೆ ಬನ್ನಿ. ಬಂದ ಕೂಡಲೇ ಬಸ್ಸು ಹತ್ತಬೇಡಿ. ಯಾವ ಯಾವ ಬೋರ್ಡಿನ ಬಸ್ಸುಗಳು ಬಂದು ಹೋಗುತ್ತಿವೆ ಎಂದು ಸ್ವಲ್ಪ ಹೊತ್ತು ಗಮನಿಸಿ. ಆಮೇಲೆ ಸಂಚಾರ ನಿಯಂತ್ರಕರ ಬಳಿ ಹೋಗಿ. ಬಸ್ಸುಗಳು ಬಂದುಹೋಗುವ ಹೊತ್ತನ್ನು ದಾಖಲಿಸುತ್ತ ಕಿಟಕಿಯೊಳಗೆ ಕೂತಿರುವ ಸಿಬ್ಬಂದಿ ಇವರು. ಜನ ಇವರನ್ನು ಕಂಟ್ರೋಲರ್ ಎನ್ನುತ್ತಾರೆ. ಅವರಲ್ಲಿ ಎರಡು ಪ್ರಶ್ನೆಗಳನ್ನು ಕೇಳಬೇಕು: ‘ಈ ಕಡೆಗೆ ಮುಂದಿನ ಬಸ್ಸು ಎಷ್ಟು ಹೊತ್ತಿಗೆ?’ ಮತ್ತು ‘ಅಲ್ಲಿಂದ ವಾಪಸು ಬರಲು ಕಡೇ ಬಸ್ಸು ಎಷ್ಟು ಹೊತ್ತಿಗೆ?’ ಎರಡನೆಯ ಪ್ರಶ್ನೆಗೆ ಉತ್ತರ ಸಿಗದೆ ಯಾವ ಬಸ್ಸನ್ನೂ ಹತ್ತಬೇಡಿ. ಮೊಬೈಲಿನಲ್ಲಿ ಕಾಣುವ ವೇಳೆಗಿಂತ ಕಂಟ್ರೋಲರ್ ಹೇಳಿದ ವೇಳೆಯನ್ನೇ ನಂಬಿ.

ಕೆಲವು ಪದಗಳ ಪರಿಚಯ ಇರಲಿ. ವೇಗದೂತ ಅಂದರೆ ಮುಖ್ಯ ಊರುಗಳಲ್ಲಿ ಮಾತ್ರ ನಿಲ್ಲುವ ಎಕ್ಸ್‌ಪ್ರೆಸ್ ಬಸ್ಸು. ತಡೆರಹಿತ ಅಂದರೆ ನಡುವೆ ಎಲ್ಲೂ ನಿಲ್ಲದ ಬಸ್ಸು. ದಾರಿಯಲ್ಲಿ ಇಳಿಯುವ ಮನಸ್ಸಿರುವವರು ಇದನ್ನು ಹತ್ತಬಾರದು. ಕೇಳಿದಲ್ಲೆಲ್ಲ ನಿಲ್ಲುವ ಸಾಮಾನ್ಯ ಬಸ್ಸೇ ನಿಮಗೆ ಒಪ್ಪುವಂಥದ್ದು. ಹಾಲ್ಟಿಂಗ್ ಬಸ್ಸು ಅಂದರೆ ಸಂಜೆ ಹಳ್ಳಿಗೆ ಹೋಗಿ ರಾತ್ರಿ ಅಲ್ಲೇ ನಿಂತು ಬೆಳಗಿನ ಜಾವ ಪಟ್ಟಣಕ್ಕೆ ಹೊರಡುವ ಬಸ್ಸು. ಹೊಸಬರು ಮೋಸ ಹೋಗುವುದು ಇದರಲ್ಲೇ: ಹೋಗುವ ಬಸ್ಸು ಸಿಕ್ಕಿತೆಂದು ಸಂಜೆ ಹತ್ತಿಬಿಟ್ಟರೆ, ಆ ಹಳ್ಳಿಯಿಂದ ಮರಳಲು ಮರುದಿನ ಬೆಳಗಾಗುವವರೆಗೂ ಏನೂ ಇರುವುದಿಲ್ಲ.

ಕರಾವಳಿ ಮತ್ತು ಮಲೆನಾಡಿನ ಕೆಲವು ದಾರಿಗಳಲ್ಲಿ ಖಾಸಗಿ ಬಸ್ಸುಗಳೂ ಓಡುತ್ತವೆ. ಅವುಗಳಲ್ಲಿ ಶಕ್ತಿ ಯೋಜನೆ ನಡೆಯದು, ವೇಳೆಯನ್ನು ಅವುಗಳ ಏಜೆಂಟರನ್ನೇ ಕೇಳಬೇಕು. ಸಂತೆಯ ದಿನ ಹಳ್ಳಿಗಳಿಂದ ಬರುವ ಬಸ್ಸುಗಳು ಬೆಳಿಗ್ಗೆ ಕಿಕ್ಕಿರಿದಿರುತ್ತವೆ, ಸಂಜೆ ಹಳ್ಳಿಗೆ ಮರಳುವವೂ ಹಾಗೆಯೇ. ಆ ದಿನ ಬೇರೆಲ್ಲೂ ಹೋಗದೆ ಸಂತೆಯನ್ನೇ ನೋಡಿ ಎನ್ನುತ್ತೇನೆ. ಅಡಿಕೆ, ಕಾಳುಮೆಣಸು, ಅಡುಗೆಗೆ ಹುಳಿಯಾಗಿ ಬಳಸುವ ವಾಟೆಹುಳಿ, ಉಪ್ಪಾಗೆ ಎಂದು ಆ ಸೀಮೆಯ ಬದುಕೆಲ್ಲ ಅಲ್ಲಿ ಕಣ್ಣೆದುರು ಹರಡಿರುತ್ತದೆ.

5. ಕೇಳುವುದನ್ನು ರೂಢಿಸಿಕೊಳ್ಳಿ

ಅನಿರೀಕ್ಷಿತವಾದದ್ದು ಬಹುಮಟ್ಟಿಗೆ ಮನುಷ್ಯರ ಮೂಲಕವೇ ಬರುತ್ತದೆ. ಹೋಟೆಲಿನವರು, ಆಟೋದವರು, ಪಕ್ಕದ ಸೀಟಿನ ಹಿರಿಯರು ಕೊಡುವ ಸುಳಿವು ಯಾವ ಜಾಲತಾಣದಲ್ಲೂ ಸಿಗದು. ‘ಇಲ್ಲಿ ನೋಡುವಂಥದ್ದು ಏನಿದೆ?’ ಎಂದರೆ ಎಲ್ಲರೂ ಜೋಗವನ್ನೇ ಹೇಳುತ್ತಾರೆ. ‘ಅಣ್ಣಾ, ಈ ವಾರ ಸುತ್ತಮುತ್ತ ಎಲ್ಲಾದರೂ ಆಟ, ತೇರು, ಜಾತ್ರೆ ಉಂಟಾ?’ ಎಂದೋ, ‘ಅಮ್ಮಾ, ಈ ಊರಿನ ಹಳೇ ಕೆರೆ, ದೇವಸ್ಥಾನ ಯಾವ ಕಡೆಗೆ?’ ಎಂದೋ ಕೇಳಿ ನೋಡಿ, ಮಾತು ಬೆಳೆಯುತ್ತದೆ. ಹಿರಿಯರನ್ನು ಬಹುವಚನದಲ್ಲೇ ಮಾತನಾಡಿಸಿ. ಅವರು ಏಕವಚನದಲ್ಲಿ ಉತ್ತರಿಸಿದರೆ ತಪ್ಪು ತಿಳಿಯಬೇಡಿ, ಅದು ಸಲಿಗೆಯ ಗುರುತು.

ಆಸರಿಗೆ ಬೇಕಾ ಎಂದು ಯಾರಾದರೂ ಕೇಳಿದರೆ ಕುಡಿಯಲು ಏನಾದರೂ ಬೇಕೇ ಎಂದು ವಿಚಾರಿಸುತ್ತಿದ್ದಾರೆಂದು ತಿಳಿಯಿರಿ. ಮಜ್ಜಿಗೆಯೋ ಬೆಲ್ಲ ನೀರೋ ಕೊಟ್ಟರೆ ಸಂಕೋಚವಿಲ್ಲದೆ ಕುಡಿಯಿರಿ, ಅದಕ್ಕೆ ದುಡ್ಡು ಕೊಡಲು ಹೋಗಬೇಡಿ. ಆದರೆ ಮನೆಯವರ, ಅಂಗಳದ, ದೈವಸ್ಥಾನದ ಚಿತ್ರ ತೆಗೆಯುವ ಮೊದಲು ಕೇಳಲೇಬೇಕು. ಅಡಿಕೆ ತೋಟದೊಳಗೆ ಕರೆಯದೆ ಕಾಲಿಡಬಾರದು.

ನಿಮ್ಮ ಎಚ್ಚರವನ್ನು ಮಾತ್ರ ಎಂದೂ ಬಿಟ್ಟುಕೊಡಬೇಡಿ. ಒಬ್ಬರೇ ಹೊರಟಿರುವ ಮಹಿಳೆಯರು ರಾತ್ರಿ ತಂಗುವ ಜಾಗದ ಹೆಸರನ್ನು ದಾರಿಯಲ್ಲಿ ಸಿಕ್ಕವರಿಗೆ ಹೇಳುವ ಅಗತ್ಯವಿಲ್ಲ. ಮನಸ್ಸಿಗೆ ಸರಿಬರದ ಆಹ್ವಾನವನ್ನು ‘ಮನೆಯವರು ಕಾಯುತ್ತಿದ್ದಾರೆ’ ಎಂದು ಹೇಳಿ ನಿರಾಕರಿಸಬಹುದು, ಕಾರಣ ವಿವರಿಸುತ್ತ ನಿಲ್ಲಬೇಕಿಲ್ಲ. ಪೊಲೀಸರ ನೆರವಿಗೆ 112ಕ್ಕೆ ಕರೆ ಮಾಡಬೇಕು.

6. ಎಣಿಸಿದ್ದು ಕೈತಪ್ಪಿದಾಗ

ಬಸ್ಸು ಕೆಟ್ಟು ನಿಲ್ಲುತ್ತದೆ, ಗ್ರಹಣವೆಂದೋ ಮಧ್ಯಾಹ್ನದ ಹೊತ್ತೆಂದೋ ದೇವಸ್ಥಾನದ ಬಾಗಿಲು ಹಾಕಿರುತ್ತದೆ, ಜಲಪಾತದ ಮುಂದೆ ಮಂಜು ಕವಿದು ಏನೂ ಕಾಣುವುದಿಲ್ಲ. ಆಗ ಮನಸ್ಸು ತಾನಾಗಿಯೇ ಇನ್ನೊಂದು ಯೋಜನೆಯನ್ನು ಹೆಣೆಯತೊಡಗುತ್ತದೆ: ಆಟೋ ಹಿಡಿದರೆ ಆ ಬಸ್ಸನ್ನು ಮುಂದಿನ ಊರಿನಲ್ಲಿ ಹಿಡಿಯಬಹುದು, ಟ್ಯಾಕ್ಸಿ ಮಾಡಿದರೆ ಇವತ್ತೇ ಮುಗಿಸಬಹುದು ಎಂದು. ಆ ಗಡಿಬಿಡಿಗೆ ಒಳಗಾಗದೆ ಹದಿನೈದು ನಿಮಿಷ ಎಲ್ಲಾದರೂ ಕೂತುಬಿಡಿ. ಚಹಾ ಕುಡಿಯಿರಿ. ಕೈತಪ್ಪಿದ್ದು ಮೊದಲ ಹಂತದಲ್ಲಿ ಬರೆದ ನಾಲ್ಕರಲ್ಲಿ ಒಂದೇ ಎಂದು ನೋಡಿಕೊಳ್ಳಿ. ಹೌದಾದರೆ ಹಣ ಖರ್ಚಾದರೂ ಸರಿ, ಅದನ್ನು ಸರಿಪಡಿಸಿ. ಕತ್ತಲಾಗುವ ಮೊದಲು ಊರು ಸೇರಲು ಟ್ಯಾಕ್ಸಿ ಮಾಡುವುದರಲ್ಲಿ ಸೋಲೇನೂ ಇಲ್ಲ. ಅಲ್ಲವಾದರೆ ನಿಂತ ಊರನ್ನೇ ನೋಡತೊಡಗಿ.

ಮಂಜು ಕವಿದ ಜೋಗದ ಮಾತನ್ನೇ ತೆಗೆದುಕೊಳ್ಳಿ. ಬಂದವರಲ್ಲಿ ಬಹುಪಾಲು ಜನ ಹತ್ತು ನಿಮಿಷ ನಿಂತು, ಬೇಸರಪಟ್ಟು, ವಾಹನ ಹತ್ತುತ್ತಾರೆ. ಆ ದಿನ ಅದೊಂದನ್ನೇ ನೋಡುವ ನಿಶ್ಚಯದಿಂದ ಬಂದವರಿಗೆ ಮಾತ್ರ ಸಂಜೆಯವರೆಗೆ ಕಾಯುವ ವ್ಯವಧಾನ ಇರುತ್ತದೆ. ಮಂಜು ಸರಿದು ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಒಮ್ಮೆಲೇ ಕಾಣಿಸಿಕೊಳ್ಳುವುದು ಕಾದವರಿಗೇ. ಮಂಜು ಸರಿಯದೆಯೂ ಹೋಗಬಹುದು. ಆಗ ಕೇಳಿಸುವ ನೀರಿನ ಸದ್ದನ್ನು ಕೇಳಿ ಬರಬೇಕು. ಅದನ್ನು ಕೊರತೆಯೆಂದು ಎಣಿಸದಿರುವುದಕ್ಕೆ ಅಭ್ಯಾಸ ಬೇಕು, ಎರಡನೆಯ ಮೂರನೆಯ ದಿನದ ಹೊತ್ತಿಗೆ ಅದು ತಾನಾಗಿ ಬರತೊಡಗುತ್ತದೆ. ಮೊದಲ ದಿನ ಚಡಪಡಿಕೆಯಾದರೆ ಈ ಬಗೆಯ ಪ್ರವಾಸ ನಮಗೆ ಒಗ್ಗದೆಂದು ತೀರ್ಮಾನಿಸಬೇಡಿ. ವರ್ಷಗಳಿಂದ ಬಿಗಿದ ಕಟ್ಟು ಒಂದೇ ದಿನದಲ್ಲಿ ಸಡಿಲವಾಗುವುದಿಲ್ಲ.

ಕಾಡಿನ ವಿಷಯದಲ್ಲಿ ಈ ಸಡಿಲಿಕೆ ಸಲ್ಲದು. ಚಾರಣದ ದಾರಿಗಳಿಗೆ ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಮೊದಲೇ ಟಿಕೆಟ್ ಕಾಯ್ದಿರಿಸುವ ಪದ್ಧತಿ ಬಂದಿದೆ, ದಿನಕ್ಕೆ ಇಷ್ಟೇ ಜನರೆಂಬ ಮಿತಿಯೂ ಇದೆ. ಅನುಮತಿ ಇಲ್ಲದ ದಾರಿಯಲ್ಲಿ ಯಾರೋ ಕರೆದರೆಂದು ಹೋಗುವುದು ಕಾನೂನಿಗೆ ವಿರುದ್ಧ, ಜೀವಕ್ಕೂ ಅಪಾಯ. ಹೊಳೆಗೆ ಇಳಿಯುವ ಮೊದಲು ಸ್ಥಳೀಯರನ್ನು ಕೇಳಬೇಕು. ಅಣೆಕಟ್ಟಿನ ಕೆಳಗಿನ ಹೊಳೆಗಳಲ್ಲಿ ನೀರು ಮುನ್ಸೂಚನೆಯಿಲ್ಲದೆ ಏರಬಹುದು.

7. ರಾತ್ರಿಯ ತಂಗುವಿಕೆ

ಐದು ಗಂಟೆಯೊಳಗೆ ಊರು ಸೇರಿದರೆ ಬಸ್ ನಿಲ್ದಾಣದ ಸುತ್ತಲಿನ ಎರಡು ಮೂರು ಲಾಡ್ಜುಗಳನ್ನು ನೋಡಿ ಆರಿಸಲು ಬೆಳಕಿರುತ್ತದೆ. ಕೊಠಡಿ, ಬಾಗಿಲಿನ ಚಿಲಕ, ನೀರು ಈ ಮೂರನ್ನೂ ನೋಡಿದ ಮೇಲೆಯೇ ಮುಂಗಡ ಕೊಡಿ. ದೊಡ್ಡ ಕ್ಷೇತ್ರಗಳಲ್ಲಿ ಯಾತ್ರಿನಿವಾಸಗಳಿರುತ್ತವೆ, ಊಟದ ವ್ಯವಸ್ಥೆಯೂ ಇರುತ್ತದೆ. ಆದರೆ ಕೆಲವೆಡೆ ಒಬ್ಬರೇ ಬಂದವರಿಗೆ ಕೊಠಡಿ ಕೊಡುವುದಿಲ್ಲವಾದ್ದರಿಂದ ಅದನ್ನೇ ನೆಚ್ಚಿ ಸಂಜೆ ತಲುಪಬೇಡಿ. ಪ್ರವಾಸಿ ಮಂದಿರ ಎಂಬ ಫಲಕ ಕಂಡು ಒಳಹೋಗುವವರಿದ್ದಾರೆ. ಅದು ಲೋಕೋಪಯೋಗಿ ಇಲಾಖೆಯ ಅತಿಥಿಗೃಹ, ಅದಕ್ಕೆ ಮೊದಲೇ ಅನುಮತಿ ಬೇಕು.

ಎರಡು ಸಂದರ್ಭಗಳಲ್ಲಿ ಮಾತ್ರ ಎಲ್ಲ ರಾತ್ರಿಗಳಿಗೂ ಕೊಠಡಿ ಕಾಯ್ದಿರಿಸಿ. ಒಂದು, ಶನಿವಾರ ಭಾನುವಾರಕ್ಕೆ ಸರ್ಕಾರಿ ರಜೆ ಸೇರಿಕೊಂಡಾಗ. ಇನ್ನೊಂದು, ದೊಡ್ಡ ಜಾತ್ರೆಯ ಕಾಲದಲ್ಲಿ: ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ, ಸಾಗರದ್ದು ಮೂರು ವರ್ಷಕ್ಕೊಮ್ಮೆ ನಡೆಯುತ್ತವೆ, ಆ ದಿನಗಳಲ್ಲಿ ಊರಿಗೆ ಊರೇ ತುಂಬಿರುತ್ತದೆ. ಜಾತ್ರೆ ನೋಡಲು ಹೋಗಬೇಡಿ ಎನ್ನುತ್ತಿಲ್ಲ, ತಲೆಯ ಮೇಲೊಂದು ಸೂರು ಖಚಿತಪಡಿಸಿಕೊಂಡು ಹೋಗಿ.

8. ಮಕ್ಕಳು ಮತ್ತು ಹಿರಿಯರು ಜೊತೆಗಿದ್ದರೆ

ದಿನಕ್ಕೆ ಎರಡು ಗಂಟೆಗಿಂತ ಹೆಚ್ಚು ಬಸ್ ಪ್ರಯಾಣ ಬೇಡ. ಊಟದ ಹೊತ್ತನ್ನು ಬಿಡಬಾರದ ಪಟ್ಟಿಗೆ ಐದನೆಯದಾಗಿ ಸೇರಿಸಿ, ಏಕೆಂದರೆ ಸಣ್ಣ ಊರಿನ ಹೋಟೆಲುಗಳಲ್ಲಿ ಮಧ್ಯಾಹ್ನ ಮೂರರ ಮೇಲೆ ಊಟ ಸಿಗುವುದು ಕಷ್ಟ. ಘಟ್ಟದ ತಿರುವುಗಳಲ್ಲಿ ವಾಂತಿಯಾಗುವ ಮಕ್ಕಳನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಹೊರಡುವ ಮುನ್ನ ಹಗುರಾದ ತಿಂಡಿ ಕೊಡಿ. ಮಕ್ಕಳಿಗೆ ದಿನಕ್ಕೊಂದು ತೀರ್ಮಾನವನ್ನು ಬಿಟ್ಟುಕೊಡಿ: ನಿಲ್ದಾಣದಲ್ಲಿ ಎರಡು ಬಸ್ಸುಗಳ ಬೋರ್ಡನ್ನು ಅವರಿಂದಲೇ ಓದಿಸಿ, ಎರಡಕ್ಕೂ ವಾಪಸು ಬರುವ ಬಸ್ಸಿದೆಯೆಂದು ಕಂಟ್ರೋಲರ್ ಹತ್ತಿರ ಖಚಿತಪಡಿಸಿಕೊಂಡ ಮೇಲೆ, ಯಾವುದನ್ನು ಹತ್ತಬೇಕೆಂದು ಅವರೇ ಹೇಳಲಿ.